ನಮ್ಮತ್ತೆಯ ನಿದ್ದೆ ಮತ್ತು ನಲವತ್ತೇಳನೇ ಟೋಕನ್

ನಿದ್ದೆ ಮಾಡಿಯೇ ಮುಂದೆ ಬಂದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ನಾನು ಯಾವ ಸಂಕೋಚವೂ ಇಲ್ಲದೆ ನಮ್ಮತ್ತೆಯನ್ನು ತೋರಿಸುತ್ತೇನೆ. ರಾಯಚೂರು ಜಿಲ್ಲೆಯಲ್ಲಿ ಅವರು ಮಲಗದೆ ಬಿಟ್ಟ ಕಚೇರಿ ಬಹುಶಃ ಒಂದೂ ಇಲ್ಲ. ತಹಶೀಲ್ದಾರ್ ಕಚೇರಿಯ ಬೆಂಚು, ಬ್ಯಾಂಕಿನ ಕಬ್ಬಿಣದ ಕುರ್ಚಿ, ದವಾಖಾನೆಯ ಮೆಟ್ಟಿಲು, ಗ್ಯಾಸ್ ಏಜೆನ್ಸಿಯ ಸಿಲಿಂಡರುಗಳ ಪಕ್ಕದ ಕಟ್ಟೆ, ಹೀಗೆ ಎಲ್ಲೆಲ್ಲಿ ಕಾಯಬೇಕೋ ಅಲ್ಲೆಲ್ಲ ಅವರು ಕಣ್ಣು ಮುಚ್ಚಿ ಕೂತವರು. ಉಳಿದ ಜನ ನಿಂತು, ಇಣುಕಿ, ಗುಮಾಸ್ತನ ಮುಖ ನೋಡಿ, ಐದು ನಿಮಿಷಕ್ಕೊಮ್ಮೆ "ಸಾಹೇಬ್ರ, ನಂದು ಆತೇನ್ರೀ" ಎಂದು ಕೇಳಿ, ಬೈಸಿಕೊಂಡು ಹಿಂದೆ ಸರಿಯುತ್ತಿರುತ್ತಾರೆ. ನಮ್ಮತ್ತೆ ಹಾಗಲ್ಲ. ಒಳಗೆ ಹೋದವರೇ ಒಬ್ಬರನ್ನು ಗುರುತು ಹಿಡಿದು, ನನ್ನ ಕೆಲಸವಾದ ಕೂಡಲೇ ಭುಜ ತಟ್ಟಿ ಎಬ್ಬಿಸಿ ಎಂದು ಹೇಳಿ, ಸೆರಗನ್ನು ಹೊದ್ದು ಗೋಡೆಗೆ ಒರಗಿಬಿಡುತ್ತಾರೆ. ಆಶ್ಚರ್ಯವೆಂದರೆ ಅವರ ಕೆಲಸವೇ ಎಲ್ಲರಿಗಿಂತ ಮೊದಲು ಆಗುತ್ತದೆ. ಕಚೇರಿಯಲ್ಲಿ ಹೆಂಗಸೊಬ್ಬಳು ಹಾಯಾಗಿ ನಿದ್ದೆ ಮಾಡುವುದನ್ನು ನೋಡುತ್ತಾ ಯಾವ ಗುಮಾಸ್ತ ತಾನೇ ನೆಮ್ಮದಿಯಿಂದ ಕೂತಾನು?

ಇವರು ಸೋಮಾರಿ ಎಂದುಕೊಂಡರೆ ನೀವು ಮೋಸ ಹೋದಿರಿ. ರಾಯಚೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಸಿ ಭಾಷೆಯ ಪ್ರೋಗ್ರಾಮಿಂಗ್ ಕಲಿಸುತ್ತಿದ್ದಾರೆ. ಹುಟ್ಟಿದ್ದು ದೇವದುರ್ಗದ ಕಡೆಯ ಹಳ್ಳಿಯಲ್ಲಿ, ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸುವವರ ಮನೆಯಲ್ಲಿ. ಹಾಸ್ಟೆಲಿನಲ್ಲಿ ಇದ್ದು ಓದಿದರು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ಕಂಡವರು ಅವರೇ. ನನ್ನ ಅಪ್ಪ ಅವರ ತಮ್ಮ, ಏಳು ವರ್ಷ ಚಿಕ್ಕವರು, ಮಾನ್ವಿಯಲ್ಲಿ ಬ್ಯಾಂಕಿನ ನೌಕರಿ. ನಾನು ಅತ್ತೆಯ ಮನೆಯಲ್ಲಿಯೇ ಇದ್ದುಕೊಂಡು ಅವರ ಕೈಯಲ್ಲಿಯೇ ಡಿಪ್ಲೊಮಾ ಮುಗಿಸಿ, ಈಗ ಅದೇ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಹಾಗಾಗಿ ಅವರ ನಿದ್ದೆಯ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವ ಹಕ್ಕು ನನಗೆ ಇದೆ.

ಅತ್ತೆಗೆ ಪಠ್ಯದಲ್ಲಿ ಒಂದೇ ಒಂದು ಅಧ್ಯಾಯದ ಮೇಲೆ ವಿಪರೀತ ಪ್ರೀತಿ. ಅದು ಕಂಡೀಷನ್ ವೇರಿಯಬಲ್. ಹೆಸರು ಕೇಳಿ ಹೆದರಬೇಡಿ, ವಿಷಯ ಸಣ್ಣದು. ಒಂದು ಪ್ರೋಗ್ರಾಮಿನಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯಬಹುದು. ಹಾಗೆ ನಡೆಯುವ ಒಂದೊಂದು ಕೆಲಸಕ್ಕೂ ಥ್ರೆಡ್ ಎನ್ನುತ್ತಾರೆ. ಒಂದು ಥ್ರೆಡ್ಡಿಗೆ ಇನ್ನೊಂದರಿಂದ ಏನೋ ಬೇಕಾಗಿದೆ, ಅದು ಇನ್ನೂ ಸಿದ್ಧವಾಗಿಲ್ಲ ಅನ್ನಿ. ಆಗ ಅದರ ಮುಂದೆ ಇರುವುದು ಎರಡು ದಾರಿ. ಕ್ಷಣಕ್ಕೊಮ್ಮೆ "ಆತೇನು, ಆತೇನು" ಎಂದು ಕೇಳುತ್ತಾ ಕಂಪ್ಯೂಟರಿನ ಪ್ರಾಣ ಹಿಂಡಬಹುದು. ಇಲ್ಲವೇ "ಆದಾಗ ಎಬ್ಬಿಸು" ಎಂದು ಹೇಳಿ ಮಲಗಬಹುದು. ಹಾಗೆ ಮಲಗುವುದಕ್ಕೆಂದು ಸಿ ಭಾಷೆಯಲ್ಲಿ ಕಟ್ಟಿಟ್ಟ ಕಟ್ಟೆಯೇ ಈ ಕಂಡೀಷನ್ ವೇರಿಯಬಲ್. ಮಲಗುವುದಕ್ಕೆ ವೇಟ್ ಎಂದು ಹೆಸರು, ಎಬ್ಬಿಸುವುದಕ್ಕೆ ಸಿಗ್ನಲ್ ಎಂದು ಹೆಸರು. ಉಳಿದವರು ಇದನ್ನು ಪರೀಕ್ಷೆಗೆ ಓದಿ ಮರೆತರು. ನಮ್ಮತ್ತೆ ಇದರ ಪ್ರಕಾರ ಸಂಸಾರ ನಡೆಸಿದರು.

ಸಂಸಾರ ಎಂದೆನಲ್ಲ, ಅತ್ತೆ ಮದುವೆಯಾಗಲಿಲ್ಲ. ಅದಕ್ಕೂ ಒಂದು ಕಥೆಯಿದೆ, ಅಪ್ಪ ಹೇಳಿದ್ದು. ಅತ್ತೆಗೆ ಇಪ್ಪತ್ತೇಳು ವರ್ಷವಾದಾಗ ಕವಿತಾಳದಿಂದ ಗಂಡಿನ ಕಡೆಯವರು ನೋಡಲು ಬಂದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ, ಚಹಾ ಎಲ್ಲ ಆಯಿತು. ಹಿರಿಯರು ಎದ್ದು ನಿಂತು, ನಾವು ಊರಿಗೆ ಹೋಗಿ ವಿಚಾರ ಮಾಡಿ ಹೇಳಿ ಕಳಿಸುತ್ತೇವೆ ಎಂದರು. ಅತ್ತೆ ಆಗಲಿ ಎಂದು ಒಳಗೆ ಹೋಗಿ ಮಲಗಿದರು. ವಾರವಾಯಿತು, ತಿಂಗಳಾಯಿತು. ಹೋಗಿ ಒಂದು ಮಾತು ಕೇಳಿ ಬರುತ್ತೇನೆ ಎಂದು ಅಜ್ಜ ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತು ತಡೆದರಂತೆ. ಹೇಳಿ ಕಳಿಸುತ್ತೇವೆ ಎಂದವರು ಅವರು, ನಾವು ಕೇಳುವುದು ಯಾಕೆ ಎಂಬುದು ಅವರ ವಾದ. ಕವಿತಾಳದಿಂದ ಇನ್ನೂ ಯಾರೂ ಹೇಳಿ ಕಳಿಸಿಲ್ಲ. ಆ ಗಂಡಿಗೆ ಈಗ ಮೊಮ್ಮಕ್ಕಳಿದ್ದಾರೆ.

ಇನ್ನು ಬಸ್ಸಿನ ವಿಷಯ. ಹಬ್ಬಕ್ಕೆ ನಾವಿಬ್ಬರೂ ರಾಯಚೂರಿನಿಂದ ಮಾನ್ವಿಗೆ ಹೊರಟಿದ್ದೆವು. ನಾನಾಗ ಎರಡನೇ ವರ್ಷದ ವಿದ್ಯಾರ್ಥಿನಿ. ಅತ್ತೆ ಕಂಡಕ್ಟರಿಗೆ ಮಾನ್ವಿ ಬಂದಾಗ ಎಬ್ಬಿಸಿ ಎಂದು ಹೇಳಿ, ಪಕ್ಕದಲ್ಲಿ ನಾನೊಬ್ಬಳು ಕೂತಿದ್ದೇನೆ ಎಂಬುದನ್ನೂ ಲೆಕ್ಕಿಸದೆ ಕಣ್ಣು ಮುಚ್ಚಿದರು. ಕಲ್ಲೂರಿನಲ್ಲಿ ಕಂಡಕ್ಟರ್ ಯಾರನ್ನೋ ಇಳಿಸುವ ಗಡಿಬಿಡಿಯಲ್ಲಿ ಅತ್ತೆಯ ಭುಜವನ್ನೂ ತಟ್ಟಿಬಿಟ್ಟ. ನಿದ್ದೆಯಿಂದ ಎದ್ದ ಬೇರೆ ಯಾರಾದರೂ ಆಗಿದ್ದರೆ ಚೀಲ ಎತ್ತಿಕೊಂಡು ಧಡಧಡ ಇಳಿದು, ಬಸ್ಸು ಹೋದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಅತ್ತೆ ಕಣ್ಣು ತೆರೆದು, ಕಿಟಕಿಯಾಚೆ ಅಂಗಡಿಯ ಬೋರ್ಡಿನ ಕೊನೆಯ ಸಾಲು ಓದಿ, ಊರು ಕಲ್ಲೂರು ಎಂಬುದನ್ನು ಖಾತ್ರಿ ಮಾಡಿಕೊಂಡು ಮತ್ತೆ ಮಲಗಿದರು. ಕಂಡಕ್ಟರಿನ ಮೇಲೆ ಸಿಟ್ಟೂ ಮಾಡಲಿಲ್ಲ. ಮಾನ್ವಿಯಲ್ಲಿ ಇಳಿದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಎಬ್ಬಸವರು ಎಬ್ಬಸ್ತಾರ. ಊರು ಬಂತೋ ಇಲ್ಲೋ ನೋಡದು ನಮ್ಮ ಕೆಲಸ."

ಇದನ್ನೇ ಅವರು ತರಗತಿಯಲ್ಲಿ ಕಲಿಸಿದ ರೀತಿಯನ್ನು ನಾನು ಸಾಯುವವರೆಗೆ ಮರೆಯುವಂತಿಲ್ಲ. ಆ ದಿನ ಮೇಜಿನ ಮೇಲೆ ಒಂದು ಖಾಲಿ ತಾಟು, ಒಂದು ಡಸ್ಟರು. ಹಿಂದಿನ ಬೆಂಚಿನವನೊಬ್ಬನ ಕೈಯಲ್ಲಿ ಬಿಸಿ ಮಿರ್ಚಿಯ ಪೊಟ್ಟಣ. ಅವನು ಮಿರ್ಚಿ ಇಡುವವನು. ನಾನೂ ಸೇರಿ ಮೂವರು ತಿನ್ನುವವರು. ನಿಯಮವೇನೆಂದರೆ, ಡಸ್ಟರು ಯಾರ ಕೈಯಲ್ಲಿದೆಯೋ ಅವರು ಮಾತ್ರ ತಾಟನ್ನು ಮುಟ್ಟಬೇಕು. ಪುಸ್ತಕದಲ್ಲಿ ಇದಕ್ಕೆ ಲಾಕ್ ಎನ್ನುತ್ತಾರೆ. ತಾಟು ಖಾಲಿ ಇದ್ದರೆ ಡಸ್ಟರನ್ನು ಕೆಳಗಿಟ್ಟು ಬೆಂಚಿನ ಮೇಲೆ ಮಲಗಬೇಕು. ಇಡುವುದು, ಮಲಗುವುದು ಎರಡೂ ಒಂದೇ ಉಸಿರಿನಲ್ಲಿ ಆಗಬೇಕು. ಮಿರ್ಚಿ ಬಂದಾಗ ಇಟ್ಟವನು ಎಬ್ಬಿಸುತ್ತಾನೆ.

ಮೊದಲು ಹೋದವನು ಗಿಲ್ಲೆಸುಗೂರಿನ ಹುಡುಗ. ತಾಟು ಖಾಲಿ ಎಂದು ನೋಡಿ, ಡಸ್ಟರನ್ನು ಎದೆಗೆ ಅವಚಿಕೊಂಡೇ ಮಲಗಿಬಿಟ್ಟ. ಮಿರ್ಚಿ ಇಡುವವನು ಡಸ್ಟರಿಲ್ಲದೆ ತಾಟಿನ ಹತ್ತಿರ ಹೋಗುವಂತಿಲ್ಲ. ಮಲಗಿದವನು ಮಿರ್ಚಿ ಬರದೆ ಏಳುವಂತಿಲ್ಲ. ಪೊಟ್ಟಣದಿಂದ ಎಣ್ಣೆ ತೊಟ್ಟಿಕ್ಕುತ್ತಿದೆ, ನಲವತ್ತು ಜನ ಉಸಿರು ಹಿಡಿದು ನೋಡುತ್ತಿದ್ದೇವೆ, ಯಾರೂ ಅಲುಗಾಡುವಂತಿಲ್ಲ. ಎರಡು ನಿಮಿಷ ಬಿಟ್ಟು ಅತ್ತೆ, "ಇದಕ್ಕ ಡೆಡ್‌ಲಾಕ್ ಅಂತಾರ. ಮಿರ್ಚಿ ಆರಾಕತ್ತದ, ಡಸ್ಟರ್ ಬಿಡಪಾ" ಎಂದರು.

ಎರಡನೇ ಸುತ್ತಿನಲ್ಲಿ ನಾವು ಮೂವರೂ ನಿಯಮ ಪ್ರಕಾರ ಮಲಗಿದೆವು. ಅತ್ತೆ ಮಿರ್ಚಿ ಇಡುವವನಿಗೆ, ಒಬ್ಬನನ್ನೇ ತಟ್ಟಬೇಡ, ಮೂವರನ್ನೂ ಕೂಗಿ ಎಬ್ಬಿಸು ಎಂದರು. ಅವನು ಕೂಗಿದ. ತಾಟಿನಲ್ಲಿ ಇದ್ದದ್ದು ಒಂದೇ ಮಿರ್ಚಿ. ಮೊದಲು ಎದ್ದವನು ಡಸ್ಟರ್ ಹಿಡಿದು ತಿಂದು ಮುಗಿಸಿದ. ಆಮೇಲೆ ಡಸ್ಟರು ಸಿಕ್ಕದ್ದು ನನಗೆ. ನನ್ನನ್ನು ಎಬ್ಬಿಸಿದ್ದಾರೆ ಎಂದ ಮೇಲೆ ಮಿರ್ಚಿ ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ ಅರೆಗಣ್ಣಿನಲ್ಲಿ ಕೈ ಹಾಕಿ, ಸಿಕ್ಕಿದ್ದನ್ನು ಬಾಯಿಗಿಟ್ಟುಕೊಂಡೆ. ಅದು ಅವನು ಬಿಟ್ಟು ಹೋದ ಮೆಣಸಿನಕಾಯಿಯ ತೊಟ್ಟು. ತರಗತಿ ಬಿದ್ದು ಬಿದ್ದು ನಕ್ಕಿತು. ಅತ್ತೆ ನಗದೆ ಬೋರ್ಡಿನ ಮೇಲೆ 'ಇಫ್' ಎಂದು ಬರೆದು ಹೊಡೆದುಹಾಕಿ, ಪಕ್ಕದಲ್ಲಿ 'ವೈಲ್' ಎಂದು ಬರೆದರು. ಮಲಗುವ ಮುಂಚೆ ಒಮ್ಮೆ ನೋಡಿದರೆ ಸಾಲದು, ಎದ್ದಾಗಲೆಲ್ಲ ಮತ್ತೆ ನೋಡಬೇಕು, ಇಲ್ಲದಿದ್ದರೆ ಮತ್ತೆ ಮಲಗಬೇಕು ಎಂಬುದು ಅದರ ಅರ್ಥ. ಪುಸ್ತಕದಲ್ಲಿ ಎರಡು ಪುಟ ಹಿಡಿಯುವ ವಿಷಯ ನನಗೆ ಒಂದು ತೊಟ್ಟಿನಲ್ಲಿ ತಿಳಿಯಿತು.

ಮೂರನೇ ಸುತ್ತು ನಡೆಯುವಾಗ ಪ್ರಿನ್ಸಿಪಾಲರು ವರಾಂಡದಲ್ಲಿ ಹಾದುಹೋದರು. ಅವರು ಕಂಡದ್ದು ಬೆಂಚಿನ ಮೇಲೆ ಮಲಗಿದ ಮೂವರು ವಿದ್ಯಾರ್ಥಿಗಳು, ಎಣ್ಣೆ ಕಾಗದ, ಮತ್ತು ಇನ್ನೊಬ್ಬ ತಿನ್ನುವವಳ ಪಾತ್ರ ವಹಿಸಿ ಕುರ್ಚಿಯಲ್ಲಿ ಕಣ್ಣು ಮುಚ್ಚಿದ ಅಧ್ಯಾಪಕಿ. ಅವರು ಬಾಗಿಲಲ್ಲೇ ನಿಂತು ಕೆಮ್ಮಿದರು. ಅತ್ತೆ ಒಂದು ಕಣ್ಣು ತೆರೆದು ತಾಟು ನೋಡಿ, ಆಮೇಲೆ ಅವರನ್ನು ನೋಡಿ, "ಪಾಠ ನಡದದ್ರೀ ಸರ್. ಸಪ್ಪಳ ಮಾಡಬ್ಯಾಡ್ರಿ, ಹುಡುಗ್ರು ಸುಮ್ಮಸುಮ್ನೆ ಎಚ್ಚರಾಗ್ತಾರ" ಎಂದು ಕಣ್ಣು ಮುಚ್ಚಿದರು. ಪ್ರಿನ್ಸಿಪಾಲರು ಕಾಲ ಸಪ್ಪಳವಾಗದಂತೆ ಹೋದರು. ಆ ವರ್ಷ ಆ ಪ್ರಶ್ನೆಗೆ ನಮ್ಮ ತರಗತಿಯಲ್ಲಿ ಯಾರೂ ತಪ್ಪು ಉತ್ತರ ಬರೆಯಲಿಲ್ಲ.

ಅತ್ತೆಯ ಈ ಸ್ವಭಾವದಿಂದ ನಕ್ಕವರು ಎಷ್ಟೋ ಜನ, ನೊಂದವರೂ ಇದ್ದಾರೆ. ಅವರು ಯಾರಿಗೂ ತಾವಾಗಿ ಫೋನ್ ಮಾಡಿ ವಿಚಾರಿಸುವುದಿಲ್ಲ. ಊರು ಮುಟ್ಟಿದಿಯಾ, ಉಂಡೆಯಾ, ಜ್ವರ ಬಿಟ್ಟಿತಾ, ಇಂಥ ಯಾವ ಪ್ರಶ್ನೆಯೂ ಅವರ ಬಾಯಲ್ಲಿ ಬರುವುದಿಲ್ಲ. ನನಗೆ ಟೈಫಾಯಿಡ್ ಆಗಿ ಮಾನ್ವಿಯಲ್ಲಿ ಹದಿನೈದು ದಿನ ಮಲಗಿದ್ದಾಗ ಬಳಗದವರೆಲ್ಲ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದರು. ಅತ್ತೆ ಮೊದಲ ದಿನ ಅಪ್ಪನಿಗೆ, ಹೆಚ್ಚುಕಮ್ಮಿಯಾದರೆ ನನಗೆ ಹೇಳು ಎಂದು ಒಂದು ಮಾತು ಹೇಳಿ ಇಟ್ಟರು, ಮತ್ತೆ ಮಾತಿಲ್ಲ. ಅಪ್ಪ ಆ ಹದಿನೈದು ದಿನ ಒಳಗೊಳಗೇ ಕುದಿದರು. ಒಬ್ಬಳೇ ಅಕ್ಕ, ಒಮ್ಮೆಯಾದರೂ ಹೇಗಿದ್ದಾಳೆ ಎಂದು ಕೇಳಬಾರದೇ ಎಂದು ಅವ್ವನ ಮುಂದೆ ಗೊಣಗಿದರು. ನಾನೂ ಮನಸ್ಸಿನಲ್ಲಿ ಸ್ವಲ್ಪ ಮುನಿಸಿಕೊಂಡೆ ಎಂದು ಒಪ್ಪಿಕೊಳ್ಳುತ್ತೇನೆ.

ಈಗ ಹೇಳಬೇಕಾದದ್ದು ನನ್ನ ಮರ್ಯಾದೆಯ ವಿಷಯ. ಲ್ಯಾಬಿನ ಕೆಲಸಕ್ಕೆ ಸೇರಿದ ವರ್ಷವೇ ದೇವದುರ್ಗದ ಹತ್ತಿರದ ಒಂದು ಹತ್ತಿ ಮಿಲ್ಲಿನವರು ಟೋಕನ್ ಪ್ರೋಗ್ರಾಮ್ ಬರೆದುಕೊಡಿ ಎಂದು ಕಾಲೇಜಿಗೆ ಕೇಳಿಕೊಂಡು ಬಂದರು. ಹಂಗಾಮಿನಲ್ಲಿ ಹತ್ತಿಯ ಗಾಡಿಗಳು ಸಾಲುಗಟ್ಟುತ್ತವೆ, ನನ್ನದು ಮೊದಲು ತನ್ನದು ಮೊದಲು ಎಂದು ಜಗಳವಾಗುತ್ತದೆ. ಗೇಟಿನಲ್ಲಿ ಗಾಡಿಯ ನಂಬರ್ ಬರೆಸಿದರೆ ಟೋಕನ್ ಬರಬೇಕು, ಅದರ ಎಣಿಕೆ ಸೋಮವಾರಕ್ಕೊಮ್ಮೆ ಒಂದರಿಂದ ಶುರುವಾಗಬೇಕು. ಹತ್ತಿ ಇಳಿಸುವ ಕಟ್ಟೆ ಖಾಲಿಯಾದಾಗ ಮುಂದಿನ ಟೋಕನ್ ನಂಬರ್ ಬೋರ್ಡಿನ ಮೇಲೆ ಬೆಳಗಬೇಕು, ಒಳಗೆ ತೂಕದ ಚೀಟಿ ಬರಬೇಕು. ಒಂದು ಥ್ರೆಡ್ ಗೇಟಿಗೆ, ಒಂದು ಥ್ರೆಡ್ ಕಟ್ಟೆಗೆ. ಗಾಡಿ ಇಲ್ಲದಾಗ ಕಟ್ಟೆಯ ಥ್ರೆಡ್ ಮಲಗಬೇಕು, ಗಾಡಿ ಬಂದಾಗ ಗೇಟಿನ ಥ್ರೆಡ್ ಎಬ್ಬಿಸಬೇಕು. ನನಗೋ, ಹೇಳಿ ಮಾಡಿಸಿದ ಹಾಗಿತ್ತು. ಮಿರ್ಚಿ ತೊಟ್ಟು ತಿಂದವಳು ನಾನು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅತ್ತೆ ಒಂದೇ ಮಾತು ಹೇಳಿದರು: ಬರೆದು ಮುಗಿದ ಮೇಲೆ ತೋರಿಸು. ನಾನು ತೋರಿಸಲಿಲ್ಲ. ಅತ್ತೆಯ ಸೊಸೆ ಎಂದು ಕಾಲೇಜಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ಸಾಕಾಗಿತ್ತು, ಇದೊಂದಾದರೂ ನನ್ನದೇ ಆಗಿರಲಿ ಎಂಬ ಹಟ. ಅವರಂತೂ ಎರಡನೇ ಸಲ ಕೇಳುವವರಲ್ಲ, ಅದೂ ನನಗೆ ಗೊತ್ತಿತ್ತು. ಮಿಲ್ಲಿಗೆ ಹೋಗಿ ಪ್ರೋಗ್ರಾಮ್ ಹಾಕಿ, ಯಾರಾದರೂ ಗುಂಡಿ ಒತ್ತಿ ಗಾಡಿಗಳ ಪಟ್ಟಿ ಅಳಿಸಿಬಿಟ್ಟಾರು ಎಂದು 'ಇದನ್ನು ಯಾರೂ ಬಂದ್ ಮಾಡಬಾರದು' ಎಂದು ದಪ್ಪ ಅಕ್ಷರದಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿ ಬಂದೆ. ಎರಡು ತಿಂಗಳು ಅದು ಗಡಿಯಾರದ ಹಾಗೆ ನಡೆಯಿತು. ನಾನು ಕಾಲೇಜಿನಲ್ಲಿ ಸ್ವಲ್ಪ ಎದೆ ಸೆಟೆಸಿಯೇ ಓಡಾಡುತ್ತಿದ್ದೆ.

ಒಂದು ದಿನ ಹತ್ತೂವರೆಗೆ ಮಿಲ್ಲಿನ ಮ್ಯಾನೇಜರ್ ಫೋನ್ ಮಾಡಿದ. ಬೋರ್ಡು ನಿಂತುಬಿಟ್ಟಿದೆ, ಎಂಟೂವರೆಯಿಂದ ನಲವತ್ತಾರನ್ನು ದಾಟುತ್ತಿಲ್ಲ ಎಂದ. ಏನನ್ನೂ ಮುಟ್ಟಬೇಡಿ, ನಾನೇ ಬರುತ್ತೇನೆ ಎಂದುಬಿಟ್ಟೆ. ಪಕ್ಕದ ಮೇಜಿನಲ್ಲಿದ್ದ ಅತ್ತೆ ಯಾವುದನ್ನೂ ಕೇಳದೆ ಚೀಲ ತೆಗೆದುಕೊಂಡು ನನ್ನ ಹಿಂದೆ ಹೊರಟರು. ಬಸ್ಸಿನಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಮನ್ನು ಮೊದಲ ಸಲ ಅವರ ತೊಡೆಯ ಮೇಲಿಟ್ಟೆ. ಕಲ್ಮಲಾ ದಾಟಿತು, ಗಬ್ಬೂರು ಬಂತು, ಅವರು ಓದುತ್ತಲೇ ಇದ್ದರು.

ಮಿಲ್ಲಿನ ಅಂಗಳದಲ್ಲಿ ಕಂಡ ದೃಶ್ಯವನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜಗಳವಿಲ್ಲ, ಸಾಲೂ ಇಲ್ಲ. ಅಂಗಳದಲ್ಲಿ ಇದ್ದದ್ದು ಒಂದೇ ಟ್ರ್ಯಾಕ್ಟರು, ಹತ್ತಿ ತುಂಬಿಕೊಂಡು ನಿಂತಿತ್ತು. ಮೂವತ್ತು ಹೆಜ್ಜೆ ಆಚೆ ಕಟ್ಟೆ ಖಾಲಿ. ಕಟ್ಟೆಯ ಮೇಲೆ ಆರು ಜನ ಹಮಾಲರು ಕಾಲು ಚಾಚಿ ಬೋರ್ಡು ನೋಡುತ್ತಾ ಕೂತಿದ್ದಾರೆ. ಟ್ರ್ಯಾಕ್ಟರಿನವರೂ ಬೋರ್ಡು ನೋಡುತ್ತಿದ್ದಾರೆ. ಬೋರ್ಡಿನ ಮೇಲೆ ನಲವತ್ತಾರು, ಅದರ ಕೆಳಗೆ 'ದಯವಿಟ್ಟು ಕಾಯಿರಿ' ಎಂದಿದೆ. ಅದನ್ನು ಬರೆದವಳು ನಾನೇ. ಆವತ್ತು ಊರ ಕಡೆ ಯಾವುದೋ ಮದುವೆಗಳಿದ್ದವಂತೆ, ನಲವತ್ತೇಳನೇ ಟೋಕನ್ನಿನ ಆ ಟ್ರ್ಯಾಕ್ಟರಿನ ನಂತರ ಬೇರೆ ಗಾಡಿಯೇ ಬಂದಿರಲಿಲ್ಲ.

ಬೋರ್ಡು ನಿಂತರೆ ನಿಂತಿತು, ಗಾಡಿಯನ್ನು ಕೈಯಲ್ಲೇ ಕರೆಯಬಾರದಿತ್ತೇ ಎಂದು ಅತ್ತೆ ಮ್ಯಾನೇಜರನ್ನು ಕೇಳಿದರು. ಅವನ ಮುಖದಲ್ಲಿ ತಪ್ಪಿತಸ್ಥನ ಲಕ್ಷಣವೇ ಇರಲಿಲ್ಲ.

"ತೂಕದ ಚೀಟಿ ಮಷೀನಿನ್ಯಾಗs ಬರ್ತದ್ರೀ ಮೇಡಂ. ಬಂದ್ ಮಾಡಿ ಚಾಲೂ ಮಾಡೋಣಂದ್ರ, ಬಂದ್ ಮಾಡಬ್ಯಾಡಂತ ಇವರs ಬರದು ಹಚ್ಯಾರ. ಫೋನ್ ಹಚ್ಚಿದ್ರ ಮುಟ್ಟಬ್ಯಾಡ್ರಿ ಅಂದ್ರು."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನಾನು ತುಂಬ ಪ್ರಯತ್ನಪಟ್ಟೆ. ಸಿಗಲಿಲ್ಲ.

ಅತ್ತೆ ಕಂಪ್ಯೂಟರಿನ ಹತ್ತಿರ ಹೋಗದೆ ನೇರವಾಗಿ ಗೇಟಿನ ಗುಮಾಸ್ತನ ಬಳಿಗೆ ಹೋಗಿ, ಇನ್ನೊಂದು ಗಾಡಿ ಬಂದಿದೆ ಎಂದು ಬರೆಯಿರಿ ಎಂದರು. ಯಾವ ಗಾಡಿಯೂ ಬಂದಿಲ್ಲವಲ್ಲ ಎಂದ ಅವನು. ಅತ್ತೆ ತಮ್ಮ ಬಸ್ ಟಿಕೆಟ್ ತೆಗೆದು ಅದರಲ್ಲಿದ್ದ ಬಸ್ಸಿನ ನಂಬರನ್ನೇ ಬರೆಸಿದರು. ಗುಮಾಸ್ತ ಗುಂಡಿ ಒತ್ತಿದ್ದೇ ತಡ, ಬೋರ್ಡಿನ ಮೇಲೆ ನಲವತ್ತೇಳು ಬೆಳಗಿತು. ಹಮಾಲರು ಎದ್ದರು. ಟ್ರ್ಯಾಕ್ಟರು ಕಟ್ಟೆಗೆ ಹೋಯಿತು. ಅದು ಖಾಲಿಯಾದ ಮೇಲೆ ಬೋರ್ಡು ನಲವತ್ತೆಂಟು ಎಂದು ನಮ್ಮ ಬಸ್ಸನ್ನು ಕರೆಯಿತು. ಒಬ್ಬ ಹಮಾಲ ಪ್ರಾಮಾಣಿಕವಾಗಿ ಗೇಟಿನವರೆಗೆ ಹೋಗಿ, ಬಸ್ಸು ಎಲ್ಲಿದೆ ಎಂದು ಅತ್ತ ಇತ್ತ ನೋಡಿ ಬಂದ.

ಆದದ್ದು ಇಷ್ಟು. ನನ್ನ ಕಟ್ಟೆಯ ಥ್ರೆಡ್ ಲಾಕ್ ಹಿಡಿಯದೆಯೇ ಪಟ್ಟಿಯನ್ನು ಇಣುಕಿ ನೋಡುತ್ತಿತ್ತು. ಗಾಡಿ ಇಲ್ಲ ಎಂದು ನೋಡಿ, ಆಮೇಲೆ ಲಾಕ್ ಹಿಡಿದು, ನಿಯಮದಂತೆ ಕೆಳಗಿಟ್ಟು ಮಲಗುತ್ತಿತ್ತು. ನೋಡುವುದಕ್ಕೂ ಮಲಗುವುದಕ್ಕೂ ನಡುವೆ ಕೂದಲೆಳೆಯಷ್ಟು ಸಮಯ. ಅಷ್ಟರಲ್ಲೇ ನಲವತ್ತೇಳನೇ ಗಾಡಿ ಬಂದಿದೆ, ಗೇಟಿನ ಥ್ರೆಡ್ 'ಎದ್ದೇಳು' ಎಂದು ಕೂಗಿದೆ. ಮಲಗಿದವರು ಯಾರೂ ಇಲ್ಲದ್ದರಿಂದ ಆ ಕೂಗು ಗಾಳಿಗೆ ಹೋಯಿತು. ಸಿಗ್ನಲ್ ಎಂಬುದು ಯಾರಿಗಾಗಿಯೂ ಕಾದು ನಿಲ್ಲುವುದಿಲ್ಲ. ಆಮೇಲೆ ಕಟ್ಟೆಯ ಥ್ರೆಡ್ ನೆಮ್ಮದಿಯಾಗಿ ಮಲಗಿತು. ಬೇರೆ ಗಾಡಿ ಬರುವವರೆಗೂ ಅದನ್ನು ಎಬ್ಬಿಸುವವರು ಇರಲಿಲ್ಲ. ಎರಡು ತಿಂಗಳಲ್ಲಿ ಸಾವಿರ ಸಲ ತಪ್ಪಿಸಿಕೊಂಡ ದೋಷ ಆವತ್ತು ಸಿಕ್ಕಿಬಿತ್ತು. ಲಾಕ್ ಹಿಡಿಯುವ ಸಾಲನ್ನು ಮೇಲಕ್ಕೆ ಒಯ್ದು, ಇಫ್ ಇದ್ದಲ್ಲಿ ವೈಲ್ ಹಾಕಿದೆ. ಹೌದು, ಇಫ್. ತೊಟ್ಟು ತಿಂದವಳೇ ಇಫ್ ಬರೆದಿದ್ದೆ! ಎರಡೇ ಸಾಲಿನ ಕೆಲಸ, ಹತ್ತು ನಿಮಿಷ ಹಿಡಿಯಲಿಲ್ಲ.

ಮುಗಿಯಿತು ಎಂದುಕೊಂಡು ನಾನು ತಲೆ ಎತ್ತಿದಾಗ ಅತ್ತೆ ಹೊರಗೆ ನೋಡುತ್ತಿದ್ದರು. ಟ್ರ್ಯಾಕ್ಟರಿನ ಜೊತೆ ಬಂದಿದ್ದ ಹೆಂಗಸು ತೂಕದ ಚೀಟಿಗೆ ಸಹಿ ಮಾಡಲು ಒಳಗೆ ಬರುತ್ತಿದ್ದಳು. ಇಪ್ಪತ್ತೈದರ ಒಳಗಿನ ವಯಸ್ಸು. ಹೊಲ ಅವಳ ಹೆಸರಿನಲ್ಲಿದ್ದುದರಿಂದ ಸಹಿಗೆ ಅವಳೇ ಬೇಕಿತ್ತು, ಟ್ರ್ಯಾಕ್ಟರ್ ನಡೆಸುವವನು ಮೈದುನ. ಸೆರಗನ್ನು ಎದೆಯ ಮೇಲೆ ಎರಡು ಸುತ್ತು ಎಳೆದುಕೊಂಡಿದ್ದಳು. ಆದರೂ ಕುಪ್ಪಸ ಒದ್ದೆಯಾಗಿದ್ದುದು ಕಾಣುತ್ತಿತ್ತು. ನಾಲ್ಕು ತಿಂಗಳ ಕೂಸನ್ನು ಮನೆಯಲ್ಲಿ ಗಂಡನ ತಾಯಿಯ ಕೈಗೆ ಕೊಟ್ಟು, ಒಂದು ತಾಸಿನಲ್ಲಿ ಬರುತ್ತೇನೆ ಎಂದು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟವಳಂತೆ. ಆಗ ಹನ್ನೆರಡೂವರೆ ಆಗಿತ್ತು.

ಹೋಗಿ ಅವಳಿಗೆ ನೀನೇ ಹೇಳು ಎಂದು ಅತ್ತೆ ನನಗೆ ಸನ್ನೆ ಮಾಡಿದರು. ಲ್ಯಾಪ್‌ಟಾಪ್ ಮುಂದೆ ಎಷ್ಟು ಹೊತ್ತಾದರೂ ಕೂತೇನು, ಆ ಹತ್ತು ಹೆಜ್ಜೆ ನಡೆಯುವುದು ಕಷ್ಟವಾಯಿತು. ಈ ಬೋರ್ಡಿನ ಕೆಲಸ ಮಾಡಿದವಳು ನಾನು, ನನ್ನ ತಪ್ಪಿನಿಂದ ನಿಮಗೆ ತಡವಾಯಿತು ಎಂದೆ. ಅವಳು ಸಹಿ ಮಾಡಿ ಮುಗಿಸಿ ಪೆನ್ನು ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಗಾಡಿ ಇಲ್ಲೇ ಇತ್ತು, ಜಾಗಾ ಖಾಲಿ ಇತ್ತು, ಇಷ್ಟ್ ಮಂದಿ ಇದ್ರಿ," ಎಂದಳು. "ಒಬ್ಬರರೆ ಎದ್ದು ಬಂದು ಯಾಕ ನಿಂತೀವ್ವಾ ಅಂತ ಕೇಳಬೇಕಿಲ್ಲೇನು?"

ಅವಳು ಓಡುತ್ತಲೇ ಹೋಗಿ ಟ್ರ್ಯಾಕ್ಟರ್ ಹತ್ತಿದಳು. ಅದು ಗೇಟು ದಾಟಿ ಮರೆಯಾಗುವವರೆಗೂ ಅತ್ತೆ ಅಲ್ಲೇ ನಿಂತಿದ್ದರು. ಆಮೇಲೆ, ನಾನು ಕಂಪ್ಯೂಟರಿಗೆ ಅಂಟಿಸಿದ್ದ ಕಾಗದವನ್ನು ಅವರೇ ಕಿತ್ತು, ಕಾಲು ತಾಸು ನಂಬರ್ ಬದಲಾಗದಿದ್ದರೆ ಬೋರ್ಡನ್ನು ಬಿಟ್ಟು ಗಾಡಿಯನ್ನು ಬಾಯಲ್ಲೇ ಕರೆಯಿರಿ ಎಂದು ಮ್ಯಾನೇಜರಿಗೆ ಬರೆದುಕೊಟ್ಟರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ನಾನು ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದೆ. ತೋರಿಸು ಎಂದರೂ ತೋರಿಸಲಿಲ್ಲ ಎಂಬ ಮಾತು ಬರುತ್ತದೆ, ಇಫ್ ಎಂಬ ಮಾತು ಬಂದೇ ಬರುತ್ತದೆ ಎಂದುಕೊಂಡಿದ್ದೆ. ಗಬ್ಬೂರು ದಾಟಿದ ಮೇಲೆ ಅತ್ತೆ ಬಾಯಿ ತೆರೆದರು.

"ತೋರಸಂತ ಒಮ್ಮೆ ಅಂದೆ. ಇನ್ನೊಮ್ಮೆ ಕೇಳಬೇಕಿತ್ತು ನಾ."

ಅವರ ಬಾಯಿಂದ ಇಂಥ ಮಾತು ಬಂದೀತು ಎಂದು ನಾನು ಎಣಿಸಿರಲಿಲ್ಲ. ಇಪ್ಪತ್ತೆಂಟು ವರ್ಷ ಕಲಿಸಿದ ಪಾಠವನ್ನು ತಿದ್ದಿಕೊಳ್ಳುತ್ತಿರುವಂತೆ ಕೇಳಿಸಿತು. ತಪ್ಪು ನನ್ನದು ಅತ್ತಿ, ನಿನ್ನದಲ್ಲ ಎಂದೆ. ಕಿಟಕಿಯಾಚೆ ಹತ್ತಿ ಹೊಲಗಳು ಹಿಂದೆ ಸರಿಯುತ್ತಿದ್ದವು, ಅಲ್ಲಲ್ಲಿ ಹೆಂಗಸರು ಬಗ್ಗಿ ಹತ್ತಿ ಬಿಡಿಸುತ್ತಿದ್ದರು. ಅದನ್ನು ನೋಡುತ್ತಲೇ ಅತ್ತೆ ಹೇಳತೊಡಗಿದರು. ಈ ಕಥೆಯನ್ನು ಅಪ್ಪನೂ ನನಗೆ ಹೇಳಿರಲಿಲ್ಲ. ಅಪ್ಪನಿಗೆ ಗೊತ್ತಿರುವ ಸಾಧ್ಯತೆಯೂ ಇಲ್ಲ.

ಅಪ್ಪ ಆಗ ಮೂರು ತಿಂಗಳ ಕೂಸು, ಅತ್ತೆಗೆ ಏಳು ವರ್ಷ. ಅಜ್ಜಿ ಹತ್ತಿ ಬಿಡಿಸಲು ಹೋಗುವಾಗ ಇಬ್ಬರನ್ನೂ ಹೊಲದ ಬದುವಿನ ಜಾಲಿ ಗಿಡದ ಕೆಳಗೆ ಬಿಟ್ಟು ಹೋಗುತ್ತಿದ್ದಳು. ಕೂಸು ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ, ಅದನ್ನು ತೂಗುವ ಕೆಲಸ ಅತ್ತೆಯದು. ಅದು ಹಸಿದು ಅಳತೊಡಗಿದರೆ ಅತ್ತೆ ಎತ್ತಿಕೊಂಡು ಗಿಡಗಳ ಸಾಲಿನಲ್ಲಿ ಅಜ್ಜಿಯನ್ನು ಹುಡುಕುತ್ತಾ ಹೋಗುತ್ತಿದ್ದರು. ಎರಡು ಸಲ ಹೋದಾಗ ಹೊಲದವರು ಅಜ್ಜಿಗೆ ಎಲ್ಲರ ಮುಂದೆ ಬೈದರು. ಹುಡುಗಿಗೆ ಬೈಯಲಿಲ್ಲ, ಅವಳೆದುರಿಗೆ ಅವಳ ತಾಯಿಗೆ ಬೈದರು. ಮೂರನೇ ದಿನ ಅಜ್ಜಿ ಮಗಳನ್ನು ಕೂರಿಸಿಕೊಂಡು, ನೀನು ಬರಬೇಡ, ಸಾಲು ಮುಗಿದ ಕೂಡಲೇ ನಾನೇ ಬರುತ್ತೇನೆ, ಅಲ್ಲಿವರೆಗೆ ತಮ್ಮನನ್ನು ತಬ್ಬಿಕೊಂಡು ಕಣ್ಣು ಮುಚ್ಚಿಕೋ ಎಂದು ಹೇಳಿದಳು. ಅತ್ತೆ ಹಾಗೆಯೇ ಮಾಡಿದರು. ಕಣ್ಣು ತೆರೆದರೆ ಕಾಲು ತಾನಾಗಿ ಹೊಲದ ಕಡೆ ಓಡುತ್ತಿತ್ತಂತೆ.

"ಮತ್ತ ನಿದ್ದಿ ಬರ್ತಿತ್ತೇನತ್ತಿ?" ಎಂದು ನಾನು ಕೇಳಿದೆ.

"ಎಲ್ಲಿ ನಿದ್ದಿ. ಕೂಸು ಅಳತಿತ್ತು," ಎಂದರು.

ಬಸ್ಸು ಒಂದು ಹಳ್ಳಿಯಲ್ಲಿ ನಿಂತು ಹೊರಟಿತು.

"ಅವ್ವ ಬಂದು ಮೊದಲ ನಿಮ್ಮಪ್ಪಗ ಹಾಲು ಕುಡಸಾಕಿ. ಅವ ಅಳೋದು ಬಿಟ್ಟ ಮ್ಯಾಲೆ, ಕೈಲೆ ನನ್ನ ಮಾರಿ ಎತ್ತಿ ಒಮ್ಮೆ ನೋಡಾಕಿ. ಅಷ್ಟs. ನಾ ಅದಕ್ಕ ಕಾಯ್ತಿದ್ದೆ."